‘ಗೃಹಭಂಗ’ವನ್ನು ಇನ್ನೊಮ್ಮೆ ಓದಿ

2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡಾಗ, ಹಾಸನ, ಹೊಳೆನರಸೀಪುರ, ಅರಕಲಗೂಡಿನ ಎಷ್ಟೋ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಅವರ ಫೋಟೊ ಹಾಕಿ, ಅವರ ಕಾದಂಬರಿ ‘ಗೃಹಭಂಗ’ ಓದಿ ಅತ್ತದ್ದನ್ನು ನೆನೆದಿರಿ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದವರನ್ನು ನೀವು ಮರೆತಿಲ್ಲವಲ್ಲ ಎಂದು ಸಂತೋಷವಾಯಿತು. ಆದರೆ ವಿಚಾರಿಸಿದರೆ, “ಪಿಯುಸಿಯಲ್ಲಿ ಓದಿದ್ದು, ಆಮೇಲೆ ಮುಟ್ಟಿಲ್ಲ” ಎನ್ನುತ್ತೀರಿ. ಈ ಮಾತು ಕೇಳಿದರೆ ನನಗೆ ಕಳವಳವಾಗುತ್ತದೆ.

ಹದಿನೆಂಟರಲ್ಲಿ ಓದಿದಾಗ ಆ ಪುಸ್ತಕ ವಿಶ್ವ ಎಂಬ ಹುಡುಗನದು. ಅಕ್ಕ ಅಣ್ಣಂದಿರು ಪ್ಲೇಗಿಗೆ ಹೋಗುತ್ತಾರೆ, ತಾಯಿಯೂ ಹೋಗುತ್ತಾಳೆ. ಕೊನೆಗೆ ಊರಿನ ಹಿರಿಯರಾದ ಮಾದೇವಯ್ಯನವರ ಜೊತೆ ಊರು ಬಿಟ್ಟು ನಡೆಯುವ ಆ ಹುಡುಗನಿಗಾಗಿ ಅಳದವರಿಲ್ಲ. ಅಳಬೇಕಾದ್ದೇ. ಆದರೆ ಸಂಸಾರ ತಲೆಯ ಮೇಲೆ ಬಿದ್ದ ಮೇಲೆ ಓದಿದಾಗ ನನಗೆ ಕಂಡವಳು ಅವನ ತಾಯಿ ನಂಜಮ್ಮ. ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿ, ಲೆಕ್ಕ ಬರೆಯುವವಳು ಅವಳು. ಅದೂ ಸಾಲದೆ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಅಳುವಿನ ಭರದಲ್ಲಿ ಹುಡುಗರು ದಾಟಿಕೊಂಡು ಹೋಗುವ ಪುಟಗಳಿವು.

ಇನ್ನಷ್ಟು ವಯಸ್ಸಾದ ಮೇಲೆ ನನ್ನನ್ನು ಹೆದರಿಸಿದವನು ಅವಳ ಗಂಡ ಚೆನ್ನಿಗರಾಯ. ಅವನೇನು ಕೊಲೆಗಡುಕನಲ್ಲ. ದುಡ್ಡು ಕೈಗೆ ಬಂದರೆ ಹೋಟೆಲಿನಲ್ಲಿ ತಿಂದು ಮುಗಿಸುವವನು, ಹೆಂಡತಿ ಮಕ್ಕಳು ಉಂಡರೋ ಇಲ್ಲವೋ ಎಂದು ಕೇಳದವನು. ತಿದ್ದಬೇಕಾದ ವಯಸ್ಸಿನಲ್ಲಿ ತಾಯಿ ಗಂಗಮ್ಮ ತಿದ್ದಲಿಲ್ಲ, ತಾನಾಗಿ ಅವನು ತಿದ್ದಿಕೊಳ್ಳಲೂ ಇಲ್ಲ.

ಅವನು ಹಳೇ ಕಾಲದವನು ಎಂದು ನಗಬೇಡಿ. ಆಲೂಗೆಡ್ಡೆ ಮಾರಿದ ದುಡ್ಡು ಬಂದ ವಾರದಲ್ಲೇ ಮಗನ ಮೊಬೈಲ್ ಜೂಜಿಗೆ, ಬೈಕಿನ ಕಂತಿಗೆ ಹೋದ ಮನೆಗಳು ನಮ್ಮ ಸುತ್ತಲೇ ಇವೆ. ಆ ಮನೆಯಲ್ಲಿ ಒಲೆ ಉರಿಯುವುದು ಬೆಳಿಗ್ಗೆ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗುವ ತಾಯಿಯಿಂದ. ಇಪ್ಪತ್ತರಲ್ಲಿ ಯಾರೂ ತಾನು ಚೆನ್ನಿಗರಾಯನಾಗುತ್ತೇನೆ ಎಂದುಕೊಳ್ಳುವುದಿಲ್ಲ. ದಿನಾ ಒಂದಿಷ್ಟು ಅಭ್ಯಾಸವಾಗಿ ಹಾಗಾಗುತ್ತದೆ. ನಿಮಗಿನ್ನೂ ಕಾಲವಿದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಭೈರಪ್ಪನವರೂ ‘ಗೃಹಭಂಗ’ವನ್ನು ಹುಡುಗರಾಗಿದ್ದಾಗ ಬರೆದದ್ದಲ್ಲ. 1970ರಲ್ಲಿ ಅದು ಅಚ್ಚಾದಾಗ ಅವರ ವಯಸ್ಸು ನಲವತ್ತರ ಆಸುಪಾಸು. ಪ್ಲೇಗು ಚಿಕ್ಕಂದಿನಲ್ಲೇ ಅವರ ತಾಯಿಯನ್ನೂ ಒಡಹುಟ್ಟಿದವರನ್ನೂ ಕಿತ್ತುಕೊಂಡಿತ್ತು. 1996ರ ಆತ್ಮಕಥೆ ‘ಭಿತ್ತಿ’ಯಲ್ಲಿ ಅದನ್ನು ಹೇಳಿಕೊಂಡಿದ್ದಾರೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡು, ದೊಡ್ಡವರಾಗಿ ತಿರುಗಿ ನೋಡಿ ಬರೆದ ಪುಸ್ತಕವನ್ನು ಹದಿನೆಂಟರಲ್ಲಿ ಒಮ್ಮೆ ಓದಿ ಮುಗಿಸಿಬಿಟ್ಟೆ ಎಂದರೆ ಹೇಗಪ್ಪಾ?

ಹತ್ತು ನಿಮಿಷದ ವಿಡಿಯೊದಲ್ಲಿ ಕಥೆ ಕೇಳಿ ಸುಮ್ಮನಾಗಬೇಡಿ. ಗಿರೀಶ ಕಾಸರವಳ್ಳಿಯವರು ಮಾಡಿದ ಧಾರಾವಾಹಿ ಚೆನ್ನಾಗಿದೆ, ಅದನ್ನೂ ನೋಡಿ, ಓದಾದ ಮೇಲೆ. ಹಳೆಯ ಪ್ರತಿಯನ್ನು ರದ್ದಿಗೆ ಹಾಕಬೇಡಿ. ಇಲ್ಲದಿದ್ದರೆ ಲೈಬ್ರರಿಯಿಂದ ತನ್ನಿ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಮೊಬೈಲನ್ನು ಬ್ಯಾಗಿಗೆ ಹಾಕಿ ಹತ್ತು ಪುಟ ಓದಿ. ಈ ಸಲ ವಿಶ್ವನ ಹಿಂದೆ ಓಡದೆ, ಆ ಮನೆಗೆ ರಾಗಿ ಎಲ್ಲಿಂದ ಬಂತು, ಯಾರು ತಂದರು, ಯಾರು ಬರೀ ಕೂತು ತಿಂದರು ಎಂದು ನೋಡುತ್ತಾ ಹೋಗಿ. ಮುತ್ತುಗದ ಎಲೆಯ ಮಾತು ಬಂದಾಗ ಪುಸ್ತಕ ಹಿಡಿದುಕೊಂಡೇ ಅಜ್ಜಿಯ ಪಕ್ಕ ಕೂತು, ಎಲೆ ಹೇಗೆ ಹಚ್ಚುತ್ತಿದ್ದರು, ನೂರಕ್ಕೆ ಎಷ್ಟು ಕೊಡುತ್ತಿದ್ದರು ಎಂದು ಕೇಳಿ. ಹಚ್ಚಿದ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ.