ಹೆಡ್‌ಮಾಸ್ತರಿಕೆ ಕಲಿಸಿದ್ದು

ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಗಣಿತ ಹೇಳಿದೆ. ಕೊನೆಯ 11 ವರ್ಷ ಮುಖ್ಯೋಪಾಧ್ಯಾಯ. ರಾಗಿ, ಕಡಲೆಕಾಯಿ ಬಿಟ್ಟರೆ ಹೆಚ್ಚೇನೂ ಬೆಳೆಯದ ಬಯಲುಸೀಮೆಯ ಹೋಬಳಿ. ಹೊಸದಾಗಿ ಬಡ್ತಿ ಸಿಕ್ಕವರು ಈಗಲೂ ಫೋನ್ ಮಾಡುತ್ತಾರೆ. ಕೇಳುವುದೆಲ್ಲ ಬಿಲ್ಲು, ಸುತ್ತೋಲೆ, ಆನ್‌ಲೈನ್ ನಮೂದಿನ ವಿಷಯ. ಅದನ್ನು ನನಗಿಂತ ಚೆನ್ನಾಗಿ ಗುಮಾಸ್ತರು ಹೇಳಿಕೊಡುತ್ತಾರೆ. ಹೊಸಬರು ಕೇಳದೆ ಬಿಟ್ಟದ್ದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನವು ತಪ್ಪು ಮಾಡಿ ಕಲಿತವು.

1. ಬಾಯಿಗೆ ಬಾರದ ನಿಯಮ ಗೋಡೆಗೆ ಮಾತ್ರ

ನಾನು ಅಧಿಕಾರ ವಹಿಸಿಕೊಂಡ ಶಾಲೆಯ ಜಗಲಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ 23 ನಿಯಮಗಳಿದ್ದವು. ಮುಕ್ಕಾಲು ಪಾಲು ‘ಕೂಡದು’ ಎಂದು ಮುಗಿಯುತ್ತಿದ್ದವು. ಒಂಬತ್ತನೇ ತರಗತಿಗೆ ಹೋಗಿ, ಗೋಡೆ ನೋಡದೆ ಹೇಳಿ ಎಂದೆ. ಇಡೀ ತರಗತಿ ಸೇರಿ ನಾಲ್ಕು ಹೇಳಿತು. ಅದರಲ್ಲಿ ಒಂದು ಗೋಡೆಯ ಮೇಲೆ ಇರಲೇ ಇಲ್ಲ.

ನಿಮಗೆ ಬೇಕಾದ ನಿಯಮ ನೀವೇ ಬರೆಯಿರಿ ಎಂದು ಚೀಟಿ ಹಂಚಿದೆವು. ‘ಜಾತಿ ಹಿಡಿದು ಕರೀಬಾರ್ದು.’ ‘ಬಾತ್‌ರೂಮಿಗೆ ಹೋಗ್ಬೇಕು ಅಂದ್ರೆ ನಗಬಾರ್ದು.’ ‘ಊಟಕ್ಕೆ ಕೂತಾಗ ಯಾರೂ ಎದ್ದು ಬೇರೆ ಕಡೆ ಹೋಗಬಾರ್ದು.’ ಗೋಡೆಯ ಮೇಲೆ 23 ಇದ್ದವಲ್ಲ, ಈ ಮೂರರಲ್ಲಿ ಒಂದೂ ನಮಗೆ ಹೊಳೆದಿರಲಿಲ್ಲ. ಕೊನೆಗೆ ಏಳು ಉಳಿಸಿಕೊಂಡೆವು. ಏಳನೆಯದು: ‘ಪಾಠದ ಟೈಮಲ್ಲಿ ಮೇಷ್ಟ್ರೂ ಮೊಬೈಲ್ ನೋಡಬಾರ್ದು.’ ಇದನ್ನು ಗೋಡೆಗೆ ಬರೆಸಿದ ದಿನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನೊಡನೆ ಮಾತು ಬಿಟ್ಟರು. ಎರಡು ತಿಂಗಳ ಮೇಲೆ ಅವರೇ ಬಂದು ಮಾತಾಡಿಸಿದರು. ಮೊಬೈಲ್ ವಿಷಯ ಇಬ್ಬರೂ ಎತ್ತಲಿಲ್ಲ.

2. ಗೇಟಿನ ಹೊರಗೆ ನಿಲ್ಲಿಸಿದ ಮಗು ಎಲ್ಲಿದೆ?

ಶಿಸ್ತಿನ ಮನುಷ್ಯ ಎಂದು ಹೆಸರು ಮಾಡುವ ಆಸೆಯಿತ್ತು. ಪ್ರಾರ್ಥನೆಯ ಬೆಲ್ಲು ಹೊಡೆದೊಡನೆ ಗೇಟಿಗೆ ಬೀಗ. ತಡವಾಗಿ ಬಂದವರು ಮೊದಲ ಪಿರಿಯಡ್ ಮುಗಿಯುವವರೆಗೆ ಹೊರಗೆ. ಒಂದು ದಿನ ತಾಯಿಯೊಬ್ಬರು ಬಂದು ನನ್ನ ಮೇಜಿನ ಮುಂದೆ ನಿಂತರು. ಕೂರಿ ಎಂದರೂ ಕೂರಲಿಲ್ಲ. “ನಿನ್ನೆ ಒಂದು ಗಂಟೆ ನನ್ ಮಗಳು ಮನೇಲೂ ಇರ್ಲಿಲ್ಲ, ಇಸ್ಕೂಲಲ್ಲೂ ಇರ್ಲಿಲ್ಲ. ಹಂಗಾರೆ ಎಲ್ಲಿದ್ಲು ಸಾ?”

ಉತ್ತರ ನನ್ನಲ್ಲಿರಲಿಲ್ಲ. ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಅಂದೇ ಬೀಗ ತೆಗೆಸಿದೆ.

ಮಕ್ಕಳು ಯಾಕೆ ತಡ ಎಂದು ನೋಡಲು ಮೂರು ಬೆಳಿಗ್ಗೆ ಅವರ ಊರಿನ ಸ್ಟಾಪಿನಲ್ಲಿ ನಿಂತೆ. ಪಾಸಿನ ಮಕ್ಕಳು ಗುಂಪಾಗಿ ಕಂಡರೆ ಬಸ್ಸು ಸ್ಟಾಪು ದಾಟಿ ಹೋಗುತ್ತಿತ್ತು, ಇಲ್ಲವೇ ನೂರು ಮಾರು ಆಚೆ ನಿಧಾನಿಸಿ ಓಡಿ ಬಂದವರನ್ನು ಫುಟ್‌ಬೋರ್ಡಿನ ಮೇಲೆ ಹತ್ತಿಸಿಕೊಳ್ಳುತ್ತಿತ್ತು. ನಾನು ಗೇಟಿನಲ್ಲಿ ಶಿಕ್ಷೆ ಕೊಡುತ್ತಿದ್ದದ್ದು ಈ ಓಟ ಓಡದ ಮಕ್ಕಳಿಗೆ, ಅಂದರೆ ಜಾಣತನ ತೋರಿಸಿದವರಿಗೆ! ಹತ್ತನೇ ತರಗತಿಯವರ ಕೈಗೆ ನೋಟ್‌ಬುಕ್ ಕೊಟ್ಟು, ದಿನಾಂಕ, ಬಸ್ಸಿನ ನಂಬರು, ಬಂದ ಹೊತ್ತು, ಬಿಟ್ಟುಹೋದ ಮಕ್ಕಳ ಸಂಖ್ಯೆ ಬರೆಯಿರಿ ಎಂದೆ. 12 ದಿನದ ಲೆಕ್ಕವನ್ನು ಡಿಪೋಗೆ ಕಳಿಸಿದೆವು. ನನ್ನ ಹಿಂದಿನ ಎರಡು ಅರ್ಜಿಗೆ ಬಾರದ ಉತ್ತರ ಆ ನೋಟ್‌ಬುಕ್ಕಿಗೆ ಬಂತು.

ಹೊಡೆಯುವ ಬಗ್ಗೆ ಉದ್ದ ಬರೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. “ಅದು 14 ವರ್ಷದವರೆಗೆ ಮಾತ್ರ ಸಾರ್, ಹೈಸ್ಕೂಲಿಗೆ ಪೂರ್ತಿ ಬರಲ್ಲ” ಎಂದು ಕಾನೂನು ಓದಿಕೊಂಡಿದ್ದ ಮೇಷ್ಟ್ರೊಬ್ಬರು ವಾದಿಸಿದರು. 14 ವರ್ಷ ತುಂಬಿದ ಮಾರನೇ ದಿನ ಚರ್ಮ ದಪ್ಪವಾಗುತ್ತದೆಯೇ ಎಂದು ಕೇಳಿದೆ.

3. ನೂರು ಗಜವನ್ನು ಮಕ್ಕಳೇ ಅಳೆಯಲಿ

ಗೇಟಿನ ಎದುರು ಪೆಟ್ಟಿಗೆ ಅಂಗಡಿ. ಚಾಕೊಲೇಟ್ ಡಬ್ಬಿಯ ಮೇಲೆ ಗುಟ್ಕಾ ಮಾಲೆ. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯ್ದೆಯೇ ಹೇಳಿದೆ. ಅಂಗಡಿಯವನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರ ಷಡ್ಡಕ. ನೂರು ಗಜ ಎಲ್ಲಿಗಾಗುತ್ತೆ ತೋರಿಸಿ ಎಂದು ಸವಾಲು ಹಾಕಿದ.

ಎಂಟನೇ ತರಗತಿಗೆ ಅಂದು ಅಳತೆಯ ಪಾಠ. ಗಜವೆಂದರೆ 0.9144 ಮೀಟರ್, ನೂರಕ್ಕೆ 91 ಮೀಟರ್ 44 ಸೆಂಟಿಮೀಟರ್. ಮಕ್ಕಳು ಟೇಪು ಹಿಡಿದು ಗೇಟಿನಿಂದ ಹೊರಟು, ಅಂಗಡಿ ದಾಟಿ, ಹುಣಸೆಮರದ ಬುಡದಲ್ಲಿ ಸುಣ್ಣದ ಗೆರೆ ಎಳೆದರು. ಅಂಗಡಿ ಗೇಟಿನಿಂದ 14 ಮೀಟರ್. ಊರೆಲ್ಲ ನಿಂತು ನೋಡಿತು. ಆಮೇಲೆ ಸಮಿತಿಯ ನಾಲ್ಕು ಜನ ತಾಯಂದಿರು ಹೋಗಿ ಅಂಗಡಿಯ ಮುಂದೆ ಮಾತಾಡಿದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಮಾಲೆ ಇಳಿಯಿತು. ಆತನಿಗೂ ಹೊಟ್ಟೆಪಾಡು ಬೇಕಲ್ಲ, ಗ್ರಾಫ್ ಹಾಳೆ, ಪೆನ್ನಿನ ರೀಫಿಲ್ಲು ನಮ್ಮ ಮಕ್ಕಳು ಅಲ್ಲೇ ಕೊಳ್ಳುವಂತಾಯಿತು.

ಆ ತಾಯಂದಿರ ಬಗ್ಗೆ ಒಂದು ಮಾತು. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕಾಗದದಲ್ಲಿ ಇರುತ್ತಾರೆ, ಸಭೆಗೆ ಅವರ ಗಂಡಂದಿರು ಬರುತ್ತಾರೆ. ನಾನು ಸಭೆಯನ್ನು ಸಂಜೆಯಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಬದಲಿಸಿದೆ. ಗಂಡಸರು ಹೊಲದಲ್ಲಿದ್ದರು, ಹೆಂಗಸರು ಬಂದರು.

4. ಅಡುಗೆಯವರ ಮೂಗನ್ನು ನಂಬಿ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಎಣ್ಣೆ ಸರಿಯಿಲ್ಲ ಎಂದು ಅಲ್ಲಿನ ಅಡುಗೆಯವರು ಮೊದಲೇ ಹೇಳಿದ್ದರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ತಾರೀಖು ಒಂದೇ ಆದದ್ದು ಕಾಕತಾಳೀಯ. ನಾನು ಮಾತ್ರ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಪ್ರತಿ ಜುಲೈ 16ಕ್ಕೆ ಸಿಲಿಂಡರಿನ ಪೈಪು, ಎಣ್ಣೆ ಡಬ್ಬಿ, ನೀರಿನ ಸಿಂಟೆಕ್ಸ್ ಎಲ್ಲ ಬಿಚ್ಚಿ ನೋಡಿಸುತ್ತಿದ್ದೆ.

ನಮ್ಮ ಮುಖ್ಯ ಅಡುಗೆಯವರು ಒಮ್ಮೆ ಬೇಳೆ ಮುಗ್ಗಲು ವಾಸನೆ ಬರ್ತಿದೆ ಎಂದರು. ನನಗೆ ಬರಲಿಲ್ಲ. ಸ್ಟಾಫ್‌ರೂಮಿನಲ್ಲಿ ಯಾರಿಗೂ ಬರಲಿಲ್ಲ. ಆದರೂ ಮೂಟೆ ಪಕ್ಕಕ್ಕಿಡಿಸಿ ಅಂದು ತರಕಾರಿ ಸಾರು ಮಾಡಿಸಿದೆ. ಬೇಳೆ ನಿಜಕ್ಕೂ ಕೆಟ್ಟಿತ್ತೋ ಇಲ್ಲವೋ ನಾನು ಪರೀಕ್ಷೆಗೆ ಕಳಿಸಲಿಲ್ಲ. ಅಡುಗೆಯವರ ಮಾತು ನಡೆಯುತ್ತದೆ ಎಂದು ಅಡುಗೆಮನೆಗೆ ಗೊತ್ತಾಯಿತು. ನನಗೆ ಬೇಕಿದ್ದದ್ದು ಅಷ್ಟೇ.

5. ಪೆಟ್ಟಿಗೆ ಎಲ್ಲಿದೆ, ಕೀಲಿಕೈ ಯಾರಲ್ಲಿದೆ

ಸಲಹಾ ಪೆಟ್ಟಿಗೆ ಇಡಿ ಎಂದು ಇಲಾಖೆ ಹೇಳಿತು, ಇಟ್ಟೆವು. ಸ್ಟಾಫ್‌ರೂಮಿನ ಬಾಗಿಲ ಪಕ್ಕ. ಕೀಲಿಕೈ ನನ್ನ ಡ್ರಾಯರಿನಲ್ಲಿ. ಐದು ತಿಂಗಳಲ್ಲಿ ಬಂದದ್ದು ಒಂದು ಚೀಟಿ, ಅದೂ ‘ನಮ್ಮ ಹೆಡ್‌ಮಾಸ್ಟ್ರು ತುಂಬಾ ಒಳ್ಳೆಯವರು’ ಎಂದು. ನಾನು ಖುಷಿಪಟ್ಟೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಪೆಟ್ಟಿಗೆಯನ್ನು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗುವ ದಾರಿಗೆ ಬದಲಿಸೋಣ ಎಂದವರು ವಿಜ್ಞಾನದ ಮೇಡಂ. ಅಲ್ಲಿ ಯಾರು ಯಾಕೆ ನಿಂತರು ಎಂದು ಯಾರೂ ಕೇಳುವುದಿಲ್ಲ. ಎರಡು ಬೀಗ ಹಾಕಿಸಿದೆವು. ಒಂದರ ಕೈ ಮೇಡಂ ಬಳಿ, ಇನ್ನೊಂದರದು ಸಮಿತಿಯ ತಾಯಿಯೊಬ್ಬರ ಬಳಿ. ಇಬ್ಬರೂ ಸೇರಿದರೆ ಮಾತ್ರ ತೆರೆಯುತ್ತದೆ. ನನ್ನ ಬಳಿ ಯಾವುದೂ ಇಲ್ಲ. ಮೊದಲ ತಿಂಗಳಲ್ಲೇ ಚೀಟಿಗಳು ಬಂದವು. ನಲ್ಲಿ ಸೋರುವುದು, ಪ್ಯಾಡು ಸುಡಲು ಜಾಗವಿಲ್ಲದ್ದು, ಒಬ್ಬ ಮೇಷ್ಟ್ರು ‘ದಡ್ಡಿ’ ಎನ್ನುವುದು. ಮೂರನೇ ತಿಂಗಳಲ್ಲಿ ಎರಡೇ ಸಾಲಿನ ಒಂದು ಚೀಟಿ ಬಂತು. ಮೇಡಂ ಅದನ್ನು ಮೇಜಿನ ಮೇಲಿಡಲಿಲ್ಲ, ನನ್ನ ಕೈಗೇ ಕೊಟ್ಟರು.

ಆ ರಾತ್ರಿ ಊರಿನ ಮೂವರು ಹಿರಿಯರು ಮನೆಗೆ ಬಂದರು. ಅವರಿಗೆ ಹೇಗೆ ಗೊತ್ತಾಯಿತೋ! “ಹುಡುಗಿ ಮರ್ಯಾದೆ ಪ್ರಶ್ನೆ ಮೇಷ್ಟ್ರೆ, ನಾಳೆ ಲಗ್ನ ಆಗ್ಬೇಕಾದ ಮಗು. ಊರಲ್ಲೇ ಬಗೆಹರಿಸೋಣ.” ನಾನು ಬೆಳಿಗ್ಗೆ ನೋಡೋಣ ಎಂದೆ. ಆ ಒಂದು ರಾತ್ರಿ ಕಳೆಯಬಾರದಿತ್ತು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಕೈಕೆಳಗಿನ ನೌಕರನ ಕೃತ್ಯ ಮುಚ್ಚಿಟ್ಟ ಮುಖ್ಯಸ್ಥನಿಗೆ 1 ವರ್ಷದವರೆಗೆ. ನಿಜವೋ ಸುಳ್ಳೋ ಎಂದು ವಿಚಾರಣೆ ನಡೆಸುವುದು ನಮ್ಮ ಕೆಲಸವಲ್ಲ. ಮಗುವನ್ನು ಕರೆದು ಕೂರಿಸಿ ಮತ್ತೆ ಮತ್ತೆ ಹೇಳಿಸುವುದಂತೂ ಪಾಪ. ಬೆಳಿಗ್ಗೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ, ಆಮೇಲೆ ಠಾಣೆಗೆ ಫೋನ್ ಮಾಡಿದೆ. ಹೇಳಿಕೆ ಪಡೆಯಲು ಬಂದ ಮಹಿಳಾ ಎಸ್‌ಐ ಸಮವಸ್ತ್ರದಲ್ಲಿರಲಿಲ್ಲ, ಮಗುವಿನ ಮನೆಗೇ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮಾತಾಡಿದರು. ಕಾಯ್ದೆಯೂ ಹಾಗೇ ಹೇಳುತ್ತದೆ.

ಆ ಹಿರಿಯರಲ್ಲಿ ಇಬ್ಬರು ಆಮೇಲೆ ಶಾಲೆಯ ಧ್ವಜಾರೋಹಣಕ್ಕೆ ಬರುವುದನ್ನು ಬಿಟ್ಟರು. ಹುಡುಗಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅವಳ ತರಗತಿ, ವರ್ಷ, ಊರು ಯಾವುದೂ ನನ್ನ ಬಾಯಿಂದ ಬರಬಾರದು.

6. ಪ್ರವಾಸದಲ್ಲಿ ಎಣಿಸುವವರು ಮಕ್ಕಳಾಗಿರಲಿ

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಹೋದ ನಾಲ್ವರು ಹುಡುಗಿಯರು ಮುಳುಗಿದ ಮೇಲೆ ಎಲ್ಲರೂ ಎಚ್ಚೆತ್ತರು. ಬಯಲುಸೀಮೆಯ ಮಕ್ಕಳು ಕಡಲು ಕಂಡರೆ ಹಿಡಿಯಲಾಗುವುದಿಲ್ಲ. ಮೇಷ್ಟ್ರೊಬ್ಬರು 50 ತಲೆ ಎಣಿಸುವುದು ಕಣ್ಕಟ್ಟು. ಇಬ್ಬಿಬ್ಬರ ಜೋಡಿ ಮಾಡಿ, ‘ನಿನ್ನ ಜೊತೆಗಾರ ಎಲ್ಲಿ?’ ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ. ನೀರಿಗೆ ಇಳಿಯುವುದು ಬೇಡವೇ ಬೇಡ. ಮಕ್ಕಳು ಅತ್ತರೆ ಅಳಲಿ.

7. ಫಲಿತಾಂಶದ ದಿನ ಮೊದಲು ಯಾರ ಮನೆಗೆ ಹೋಗಬೇಕು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದರೆ ಹಿಂದೆಲ್ಲ ನಾನು 625ಕ್ಕೆ ಅತಿ ಹೆಚ್ಚು ಅಂಕ ತೆಗೆದವರ ಪಟ್ಟಿ ಹಿಡಿದು ಕೂರುತ್ತಿದ್ದೆ. ಬಿಇಒ ಕಚೇರಿಗೆ ಫೋನು, ಪೇಡ, ಫ್ಲೆಕ್ಸು. ಫ್ಲೆಕ್ಸಿನಲ್ಲಿ ಮಕ್ಕಳ ಮುಖ ಅಂಚೆಚೀಟಿಯಷ್ಟು, ದಾನಿಗಳ ಮುಖ ತಟ್ಟೆಯಷ್ಟು. ಒಂದು ವರ್ಷ ಫ್ಲೆಕ್ಸು ಕಟ್ಟಿದ ಮೂರನೇ ದಿನ ಎರಡನೇ ಸ್ಥಾನದ ಹುಡುಗಿ ಬಂದು ತಲೆ ತಗ್ಗಿಸಿ ನಿಂತಳು. “ಸಾ, ನನ್ ಫೋಟೊ ತೆಗೆಸಿಬಿಡಿ.” ಯಾರೋ ಅವಳ ಫೋಟೊವನ್ನು ಫ್ಲೆಕ್ಸಿನಿಂದ ಕತ್ತರಿಸಿ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿ ಕೆಳಗೆ ಏನೇನೋ ಬರೆದಿದ್ದರು. ಅಪ್ಪ ಪಿಯುಸಿಗೇ ಕಳಿಸುವುದಿಲ್ಲ ಎಂದು ಕೂತಿದ್ದ. ನಾವು ಅವಳನ್ನು ಹೊಗಳಲು ಹೋಗಿ ಅವಳ ಓದಿಗೇ ಕಲ್ಲು ಹಾಕಿದ್ದೆವು. ಫ್ಲೆಕ್ಸು ಇಳಿಸಿದೆ. ಅಪ್ಪನ ಮನೆಗೆ ನಾಲ್ಕು ಸಲ ನಡೆದೆ. ಅಂದಿನಿಂದ ಹೆಸರು ಮಾತ್ರ. ಫೋಟೊ ಬೇಕಾದರೆ ಮಗುವನ್ನು, ಮನೆಯವರನ್ನು ಇಬ್ಬರನ್ನೂ ಕೇಳಿ.

ಆಮೇಲಿನ ವರ್ಷಗಳಲ್ಲಿ ಮೊದಲು ತೆಗೆದದ್ದು ಫೇಲಾದವರ ಪಟ್ಟಿ. ಮೇಷ್ಟ್ರುಗಳು ಮನೆ ಹಂಚಿಕೊಂಡು ಅಂದೇ ಕತ್ತಲಾಗುವ ಮೊದಲು ಹೋಗಿ ಬರುವುದು. ಆ ಒಂದು ರಾತ್ರಿ ಮಗು ಒಂಟಿಯಾಗಿರಬಾರದು ಎಂದು ಮನೆಯವರಿಗೆ ನೇರವಾಗಿಯೇ ಹೇಳುತ್ತಿದ್ದೆವು. 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಬಂದದ್ದು ಕೈಗೆ ಸಿಕ್ಕ ಊರುಗೋಲು. ಒಬ್ಬ ಹುಡುಗನ ಮನೆಯಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದರು. “ಓದಿದ್ದು ಸಾಕು ಬಿಡಿ ಸಾ, ಕುರಿ ಕಾಯ್ಲಿ” ಎಂದ ಅಪ್ಪ. ನಾನೂ ಕೂತು ಸುಲಿದೆ. ಒಂದು ಗಂಟೆ ಸುಲಿದ ಮೇಲೆ ಪರೀಕ್ಷೆ-2ರ ಅರ್ಜಿಗೆ ಸಹಿ ಬಿತ್ತು. ಹುಡುಗ ಗಣಿತದಲ್ಲಿ ಪಾಸಾದ. ಈಗ ಐಟಿಐ ಓದುತ್ತಿದ್ದಾನೆ.

8. ಬಡತನವನ್ನು ಮೈಕಿನಲ್ಲಿ ಹೇಳಬೇಡಿ

ಶಾಲಾ ವಾರ್ಷಿಕೋತ್ಸವ. ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಹುಡುಗಿಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ವೇದಿಕೆಯ ಮೇಲೆ ನನಗೆ ಮಾತಿನ ಉಮೇದು. ‘ಕೂಲಿ ಮಾಡುವ ತಾಯಿ, ಕುಡಿತಕ್ಕೆ ಬಲಿಯಾದ ತಂದೆ, ಬುಡ್ಡಿ ದೀಪದ ಬೆಳಕಲ್ಲಿ ಓದಿದ ಮಗು’ ಎಂದು ರಾಗ ಎಳೆದೆ. ಸಭೆ ಚಪ್ಪಾಳೆ ತಟ್ಟಿತು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಆ ತಾಯಿ ಬಂದು, ಕೈಮುಗಿದೇ ಕೇಳಿದರು: “ನಮ್ ಮನೇಲಿ ಕರೆಂಟೈತೆ ಸಾ. ಅವರಪ್ಪನ ಸುದ್ದಿ ಎಲ್ಲಾರ ಮುಂದೆ ಯಾಕೆ ಹೇಳಿದ್ರಿ?”

ಬುಡ್ಡಿ ದೀಪ ನಾನು ಸೇರಿಸಿದ್ದು. ಎಲ್ಲೋ ಕೇಳಿದ ಭಾಷಣದಿಂದ ಬಂದಿರಬೇಕು. ಅವಳು ರಜೆಯಲ್ಲೂ ಹಳೇ ಪ್ರಶ್ನೆಪತ್ರಿಕೆ ಹಿಡಿದು ಲೆಕ್ಕ ಬಿಡಿಸಿದ್ದು ನನಗೆ ಗೊತ್ತಿತ್ತು, ಅದನ್ನು ಹೇಳಲಿಲ್ಲ. ಆಮೇಲೆ ನಿಯಮ ಮಾಡಿಕೊಂಡೆ: ವೇದಿಕೆಯಲ್ಲಿ ಮಗು ಏನು ಮಾಡಿತು ಎಂಬುದಷ್ಟೇ. ಸೋಮವಾರದ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮಕ್ಕಳಿಗೇ ಬಿಟ್ಟೆ, ಒಬ್ಬರು ಇನ್ನೊಬ್ಬರು ಮಾಡಿದ ಕೆಲಸ ಹೇಳಬೇಕು. ಆ ಎರಡು ನಿಮಿಷದ ಮಾತಿನಲ್ಲಿ ಪ್ರತಿಭಾ ಕಾರಂಜಿಯ ಬಹುಮಾನಗಳು ಬಂದವು, ಕ್ಲಸ್ಟರ್ ಮಟ್ಟದ ಖೊ ಖೊ ಬಂತು. ಒಮ್ಮೆ ಏಳುವ ಧೈರ್ಯವೇ ಇಲ್ಲದ ಹುಡುಗನೊಬ್ಬ ಎದ್ದು, “ನಂಗೆ ಫಿಟ್ಸ್ ಬಂದಾಗ ಇವನು ನಗ್ಲಿಲ್ಲ, ಎಲ್ಲಾರ್ನೂ ದೂರ ಸರಿಸ್ದ” ಎಂದು ಪಕ್ಕದವನನ್ನು ತೋರಿಸಿದ. ಪೇಪರಿಗೆ ಹೋಗುವ ಸುದ್ದಿಯಲ್ಲ. ಆ ಸೋಮವಾರ ಚಪ್ಪಾಳೆ ನಿಲ್ಲಿಸಲು ಪಿಟಿ ಮೇಷ್ಟ್ರು ಸೀಟಿ ಊದಬೇಕಾಯಿತು.

ನಿವೃತ್ತಿಯ ದಿನ ಚಾರ್ಜು ಕೊಟ್ಟೆ. ಪಟ್ಟಿಯಲ್ಲಿ ಬೀರು, ಪ್ರಯೋಗಾಲಯ, ದಾಸ್ತಾನು ಕೊಠಡಿ ಎಲ್ಲ ಸೇರಿ 19 ಕೀಲಿಕೈಗಳಿದ್ದವು. ಶೌಚಾಲಯದ ದಾರಿಯ ಪೆಟ್ಟಿಗೆಯ ಎರಡು ಅದರಲ್ಲಿಲ್ಲ. ಹೊಸ ಹೆಡ್‌ಮಾಸ್ಟರೇ, ದಯವಿಟ್ಟು ಅವನ್ನು ವಾಪಸ್ ಕೇಳಬೇಡಿ.