ಬರೆಯದ ಪರೀಕ್ಷೆಯ 97 ಅಂಕ

2022ರ ಜುಲೈ 30, ಶನಿವಾರ. ನಾಗರ ಪಂಚಮಿಗೆ ಮೂರು ದಿನ ಉಳಿದಿತ್ತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟವನಿಗೆ ಅದೇ ಸುಗ್ಗಿ. ತವರಿಗೆ ಬಂದ ಹೆಣ್ಣುಮಕ್ಕಳು ಕೈ ಚಾಚಿ ಸಾಲಾಗಿ ಕೂತಿದ್ದರು. ಒಬ್ಬಾಕೆಯ ಕೈಗೆ ಹಸಿರು ಬಳೆ ಏರಿಸುತ್ತಿದ್ದೆ. ಹಿಂದಿನ ಬಾಗಿಲಿನಿಂದ ಮಗಳು ಮೊಬೈಲ್ ಹಿಡಿದು ಬಂದು ನಿಂತಳು.

"ಅಪ್ಪಾ, ಒಂದ್ ಲಕ್ಷ ಹದಿನಾಲ್ಕು ಸಾವಿರ."

ಯಾವುದೋ ಬಾಕಿ ಬಿಲ್ಲು ಅಂದುಕೊಂಡೆ. "ಯಾರದವಾ, ಫಿರೋಜಾಬಾದಿನವರದಾ?" ಅಂತ ಕೇಳಿದೆ. ಆಕೆ ಉತ್ತರ ಕೊಡಲಿಲ್ಲ. ಮುಖ ನೋಡಿದಾಗ ತಿಳಿಯಿತು, ಅದು ಸಿಇಟಿ ರ್‍ಯಾಂಕು. ಕೈಯಾಗಿನ ಬಳೆ ಚಟ್ ಅಂತ ಒಡೆಯಿತು. ಗಿರಾಕಿಯ ಮಣಿಕಟ್ಟಿಗೆ ಗೀರು. "ಹಬ್ಬದ ಮುಂದ ಒಡೀತಲ್ರೀ ಅಣ್ಣಾರ" ಅಂತ ಆಯಮ್ಮ ಬೇಜಾರಾದಳು. ನಲವತ್ತು ರೂಪಾಯಿ ತಗೊಳ್ಳದೆ ಕಳಿಸಿದೆ.

ಇದು ಹೇಗಾಯಿತು ಅನ್ನುವುದು 2021ರಲ್ಲಿ ಪಿಯು ಮುಗಿಸಿದ ಮಕ್ಕಳ ಮನೆಯವರಿಗೆಲ್ಲ ಗೊತ್ತು. ಕೊರೊನಾದಿಂದ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ಆಗಲಿಲ್ಲ. ಎಸ್ಸೆಸ್ಸೆಲ್ಸಿಯದು ಶೇಕಡಾ 45, ಪ್ರಥಮ ಪಿಯುದು 45, ಕಾಲೇಜು ಕೊಡುವ ಆಂತರಿಕ ಅಂಕ 10, ಹೀಗೆ ಕೂಡಿಸಿ ಎಲ್ಲರನ್ನೂ ಪಾಸು ಮಾಡಿದರು. ರಾಜ್ಯದಲ್ಲಿ 2,239 ಮಕ್ಕಳಿಗೆ 600ಕ್ಕೆ 600. ನಮ್ಮಾಕೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300ಕ್ಕೆ 291. ಅಂದರೆ ಶೇಕಡಾ 97. ನಾನು ಓಣಿ ತುಂಬ ಪೇಢೆ ಹಂಚಿದೆ.

ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಅರ್ಧ, ಸಿಇಟಿ ಅರ್ಧ ಅನ್ನುವುದು ಹಳೆಯ ಲೆಕ್ಕ. ಆ ವರ್ಷ ಮಾತ್ರ ಸಿಇಟಿ ಒಂದೇ ಅಂದರು. ಇಡೀ ವರ್ಷ ಮನೆಯಲ್ಲಿದ್ದ ಒಂದೇ ಮೊಬೈಲಿನಲ್ಲಿ ಪಾಠ ಕೇಳಿದ ಹುಡುಗಿಗೆ 180ಕ್ಕೆ 58 ಬಂತು. ಸಿವಿಲ್ ಸಿಕ್ಕಿತು. ನನಗೆ ಕಂಪ್ಯೂಟರ್ ಸೈನ್ಸೇ ಬೇಕಿತ್ತು. ಹೌದು, ನನಗೆ.

ಆಗ ಬಂದವನು ನನ್ನ ಹೆಂಡತಿಯ ತಮ್ಮ. ವಿಮೆ ಏಜೆಂಟ್, ಮುಂದಾಗುವುದನ್ನು ಹೇಳುವುದೇ ಅವನ ಕಸಬು. "ಮಾವಾರ, ಮುಂದಿನ ವರ್ಷ ಮತ್ತ ಫಿಫ್ಟಿ ಫಿಫ್ಟಿ ಬರತೈತ್ರಿ. 97 ಪರ್ಸೆಂಟ್ ಕೈಯಾಗ ಇಟ್ಕೊಂಡು ಸಿವಿಲ್ ಯಾಕ ಓದಬೇಕ್ರಿ?" ಹೆಂಡತಿ "ಸಿಕ್ಕದ್ದಕ್ಕ ಕಳಸ್ರಿ" ಅಂದಳು. ನಾನು ಕೇಳಲಿಲ್ಲ. ಮಗಳು ಹೂಂ ಅಂದಳು. ಅದನ್ನು ಒಪ್ಪಿಗೆ ಅಂದುಕೊಂಡೆ. ಸೀಟು ಬಿಟ್ಟು ಒಂದು ವರ್ಷ ಮನೆಯಲ್ಲಿ ಕೂರಿಸಿ ಓದಿಸಿದೆ.

ಫಿಫ್ಟಿ ಫಿಫ್ಟಿ ಬಂತು. ಆದರೆ 2022ರಲ್ಲಿ ಪಿಯು ಪರೀಕ್ಷೆ ಬರೆದ ಮಕ್ಕಳಿಗೆ ಮಾತ್ರ. 2021ರವರಿಗೆ ಸಿಇಟಿ ಒಂದರಿಂದಲೇ ರ್‍ಯಾಂಕು ಅನ್ನುವುದು ನಮಗೆ ತಿಳಿದದ್ದು ಫಲಿತಾಂಶದ ದಿನ. ಈ ಸಲ ಆಕೆಗೆ 74 ಬಂದಿತ್ತು. ಹಿಂದಿನ ವರ್ಷಕ್ಕಿಂತ ಹದಿನಾರು ಹೆಚ್ಚು. ರ್‍ಯಾಂಕು ಮಾತ್ರ ಪಾತಾಳ ಕಂಡಿತ್ತು.

ಸೋಮವಾರ ಇದನ್ನು ವಿಚಾರಿಸಲು ಊರೊಳಗೇ ಒಂದು ಕಚೇರಿಗೆ ಹೋದೆ. ಗುಮಾಸ್ತ ತಲೆ ಎತ್ತಲಿಲ್ಲ. "ಬರೀದ ಪರೀಕ್ಷಾಕ್ಕ ಮಾರ್ಕ್ಸ್ ಕೇಳಾಕ ಬಂದೀರೇನ್ರಿ?" ಅಂದ. ಹಿಂದೆ ನಿಂತವರು ನಕ್ಕರು. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ಇಳಿಯುವುದು ಬೇಡ ಕೂಡ.

ಆದರೆ ಅದಕ್ಕಿಂತ ಕೆಟ್ಟದ್ದು ಶನಿವಾರ ರಾತ್ರಿಯೇ ಆಗಿತ್ತು. ಶಟರ್ ಅರ್ಧ ಇಳಿಸಿ ಕೂತಿದ್ದೆ. ಹೊರಗೆ ಗಿರಮಿಟ್ ಗಾಡಿಯವರ ಗದ್ದಲ, ಮಿರ್ಚಿ ಕರಿಯುವ ವಾಸನೆ. ಮಗಳು ಒಡೆದ ಬಳೆ ಚೂರು ಗುಡಿಸಿ ಮೊರಕ್ಕೆ ತುಂಬುತ್ತಿದ್ದಳು. ನಾನು ಸರಕಾರವನ್ನು, ಅಧಿಕಾರಿಗಳನ್ನು, ಬಾಯಿಗೆ ಬಂದವರನ್ನೆಲ್ಲ ಬೈಯುತ್ತಿದ್ದೆ. ಆಕೆ ಗುಡಿಸುತ್ತಲೇ ಹೇಳಿದಳು, "ಅಪ್ಪಾ, ಆ 97 ನಾ ಬರದು ತಗೊಂಡಿದ್ದಲ್ಲ. ನೀ ಪೇಢೆ ಹಂಚುವಾಗ್ಲೇ ನನಗ ನಾಚಿಕಿ ಆಗಿತ್ತು."

ಬಾಯಿ ಕಟ್ಟಿತು. ಇಡೀ ವರ್ಷ ನಾನು ಬಂಡವಾಳ ಅಂತ ಎಣಿಸಿದ್ದನ್ನು ಆಕೆ ಸಾಲ ಅಂತ ಹೊತ್ತುಕೊಂಡು ತಿರುಗಿದ್ದಳು.

ಮುಂದಿನದು ಪೇಪರಿನಲ್ಲಿ ಬಂದದ್ದೇ. ಸುಮಾರು 24 ಸಾವಿರ ಮಕ್ಕಳ ಪಾಡು ಇದೇ ಆಗಿತ್ತು. ಕೆಲವರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು, ಸರಕಾರ ಮೇಲ್ಮನವಿ ಹಾಕಿತು. ಕೊನೆಗೆ 2021ರವರ ಪಿಯು ಅಂಕದಲ್ಲಿ ಪ್ರತಿ ವಿಷಯಕ್ಕೆ ಸರಾಸರಿ ಆರು ಕಳೆದು ಉಳಿದದ್ದನ್ನು ಸೇರಿಸುವ ರಾಜಿಸೂತ್ರಕ್ಕೆ ವಿಭಾಗೀಯ ಪೀಠ ಒಪ್ಪಿತು. 291 ಹೋಗಿ 273 ಆಯಿತು. ರ್‍ಯಾಂಕು 38 ಸಾವಿರಕ್ಕೆ ಬಂತು.

ಇಲ್ಲಿಗೆ ಗೆದ್ದೆವು ಅನ್ನಬಹುದಿತ್ತು. ಆದರೆ ನಮ್ಮ ಹಿಂದಿನ ಓಣಿಯ ಹುಡುಗಿ 2022ರಲ್ಲಿ ಮಾಸ್ಕ್ ಹಾಕಿಕೊಂಡು ಪಿಯು ಪರೀಕ್ಷೆ ಬರೆದು ಶೇಕಡಾ 88 ತಗೊಂಡಿದ್ದಳು. ಸಿಇಟಿಯಲ್ಲಿ ನಮ್ಮಾಕೆಗಿಂತ ಎರಡು ಅಂಕ ಹೆಚ್ಚು. ರ್‍ಯಾಂಕಿನಲ್ಲಿ ನಮ್ಮಾಕೆಗಿಂತ ಹಿಂದೆ ಬಿದ್ದಳು. ಅವರವ್ವ ಈಗ ಬಳೆಗೆ ಬೇರೆ ಅಂಗಡಿಗೆ ಹೋಗುತ್ತಾಳೆ. ನಾನು ಕರೆಯುವುದಿಲ್ಲ. ಏನಂತ ಕರೆಯಲಿ?

ಪಿಯು ಅಂಕ ಬೇಡವೇ ಬೇಡ, ಪ್ರವೇಶ ಪರೀಕ್ಷೆ ಒಂದೇ ಇರಲಿ ಅನ್ನುವವರು ಈಗ ಬಹಳ. ಮೆಡಿಕಲ್ಲಿಗೆ ನೀಟ್ ಬಂದಿದೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಸಿಯುಇಟಿ. ನನಗೆ ಒಪ್ಪಿಗೆಯಿಲ್ಲ. 80 ನಿಮಿಷದಲ್ಲಿ 60 ಪ್ರಶ್ನೆಗೆ ಉತ್ತರದ ವೃತ್ತ ತುಂಬುವುದಕ್ಕೆ ಕೋಚಿಂಗ್ ಬೇಕು, ಕೋಚಿಂಗಿಗೆ ರೊಕ್ಕ ಬೇಕು. ಪಿಯು ಪರೀಕ್ಷೆಗೆ ಸರಕಾರಿ ಕಾಲೇಜಿನ ಮೇಷ್ಟ್ರು, ಒಂದು ಪಠ್ಯಪುಸ್ತಕ ಸಾಕು. ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೀರೋ ಮಕ್ಕಳು ಪರೀಕ್ಷೆಯ ಹಾಲಿಗೆ ಕಾಲಿಡುವ ಮೊದಲೇ ಹೇಳಿರಿ ಅನ್ನುವುದಷ್ಟೇ ನನ್ನ ಬೇಡಿಕೆ.

ತಂದೆತಾಯಿಗಳಿಗೆ ಎರಡು ಮಾತು. ಸಿಕ್ಕ ಸೀಟು ಬಿಡುವ ಮುನ್ನ, ಮುಂದಿನ ವರ್ಷದ ನಿಯಮ ಕಾಗದದ ಮೇಲೆ ಬಂದಿದೆಯೇ ನೋಡಿ. ಬಂದಿಲ್ಲವೆಂದರೆ ಅದು ಇಲ್ಲ ಅಂತಲೇ ತಿಳಿಯಿರಿ. ಪಿಯು ಅಂಕ ಕಡಿಮೆ ಬಂದರೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳಬಹುದು. ಉಳಿದದ್ದು ನಿಮ್ಮ ಮಕ್ಕಳನ್ನೇ ಕೇಳಿ, ಹೂಂ ಅಂದರೆ ಇನ್ನೊಮ್ಮೆ ಕೇಳಿ.

ಮಗಳಿಗೆ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಎಲೆಕ್ಟ್ರಾನಿಕ್ಸ್ ಓದಿದಳು. ಈಗ ಮಗನ ಸರದಿ. ನಿಯಮದ ಪುಸ್ತಕವನ್ನು ಈ ಸಲ ನಾನೇ ಗಲ್ಲಾದ ಮೇಲಿಟ್ಟುಕೊಂಡು ಓದಿದ್ದೇನೆ. ಹೆಂಡತಿಯ ತಮ್ಮನನ್ನು ಕೇಳಿಲ್ಲ.