ಎದೆಗೆ ಕಫ ಕಟ್ಟಿದಾಗ: ಕಷಾಯ ಎಲ್ಲಿಯವರೆಗೆ, ಡಾಕ್ಟರ್ ಯಾವಾಗ?

ನೆಗಡಿ ಎರಡು ದಿನ ಮೂಗಿನಲ್ಲಿದ್ದು ಮೂರನೆಯ ದಿನ ಎದೆಗಿಳಿಯುತ್ತದೆ. ರಾತ್ರಿ ಮಲಗಿದರೆ ಗೊರಗೊರ, ಬೆಳಿಗ್ಗೆ ಎದ್ದರೆ ಹಳದಿ ಕಫ, ಕೆಮ್ಮಿ ಕೆಮ್ಮಿ ಪಕ್ಕೆನೋವು. ಮುಂಬಯಿ ಬಳಿಯ ಅಂಬರನಾಥ, ಕಲ್ಯಾಣ, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಆಗ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಊರಿನಿಂದ ಬಂದ ಅಮ್ಮನದು ಕಷಾಯದ ಪಕ್ಷ. ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗಲೇಬೇಕಾದ ಮಗನದು ಮೆಡಿಕಲ್ ಶಾಪಿನಲ್ಲಿ ಸಿಗುವ ಆ್ಯಂಟಿಬಯಾಟಿಕ್‌ನ ‘ಮೂರು ದಿನದ ಕೋರ್ಸ್’ ಪಕ್ಷ. ಇಂಥ ಶೀತದಲ್ಲಿ ಬಹುಪಾಲು ವೈರಸ್‌ನಿಂದ ಬರುವಂಥದ್ದು. ಅದನ್ನು ಕಷಾಯವೂ ಕೊಲ್ಲುವುದಿಲ್ಲ, ಆ್ಯಂಟಿಬಯಾಟಿಕ್ಕೂ ಕೊಲ್ಲುವುದಿಲ್ಲ. ದೇಹ ತಾನೇ ಗುಣಪಡಿಸಿಕೊಳ್ಳುವವರೆಗೆ ಕಷ್ಟ ಕಡಿಮೆ ಮಾಡಬೇಕು, ಅಪಾಯದ ಗುರುತು ಕಂಡೊಡನೆ ಡಾಕ್ಟರ್ ಬಳಿ ಹೋಗಬೇಕು. ಅನಾಹುತಗಳೆಲ್ಲ ಈ ಎರಡನೆಯದು ತಡವಾದಾಗ ಆಗುವಂಥವು.

ಮೊದಲ ಹೆಜ್ಜೆ: ಇದು ಶೀತವೇ ಹೌದೇ?

ಈ ಭಾಗದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅಂಬರನಾಥ, ಬದಲಾಪುರ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಅಂಬರನಾಥದಲ್ಲಿ ರಾಸಾಯನಿಕ ಹೊಗೆ ಹರಡಿ ಜನ ಕಣ್ಣುರಿ, ಗಂಟಲುರಿಯಿಂದ ಒದ್ದಾಡಿದ್ದರು. ಜ್ವರವಿಲ್ಲ, ಮೈಕೈ ನೋವಿಲ್ಲ, ಆದರೆ ಕಣ್ಣುರಿಯೊಂದಿಗೆ ಕೆಮ್ಮು ಹತ್ತಿದೆ, ಬಿಲ್ಡಿಂಗಿನ ನಾಲ್ಕಾರು ಮನೆಗಳಲ್ಲಿ ಒಟ್ಟಿಗೇ ಶುರುವಾಗಿದೆ ಎಂದರೆ ಅದು ಗಾಳಿಯ ದೋಷ. ಕಿಟಕಿ ಮುಚ್ಚಿ, ಸಾಧ್ಯವಾದರೆ ಆ ಜಾಗ ಬಿಟ್ಟು ದೂರ ಹೋಗಬೇಕು. ದಮ್ಮಿನ ತೊಂದರೆ ಇರುವವರು ಇನ್ಹೇಲರ್ ಹತ್ತಿರವೇ ಇಟ್ಟುಕೊಳ್ಳಬೇಕು. ಉಸಿರು ಕಟ್ಟಿದರೆ ನೇರ ಆಸ್ಪತ್ರೆ. ಇಲ್ಲಿ ಶುಂಠಿ, ಮೆಣಸಿಗೆ ಕೆಲಸವಿಲ್ಲ.

ಎರಡನೆಯದು: ದಿನ ಎಣಿಸಿ

ನಾಲ್ಕು ದಿನಕ್ಕೆ ಕೆಮ್ಮು ನಿಲ್ಲಲಿಲ್ಲವೆಂದು ಔಷಧ ಬದಲಿಸುವವರೇ ಹೆಚ್ಚು. ಆದರೆ ಇಂಥ ಕೆಮ್ಮು ಸರಾಸರಿ 18 ದಿನ ಉಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಜ್ವರ ಹಬ್ಬಿದ್ದಾಗ ಭಾರತೀಯ ವೈದ್ಯಕೀಯ ಸಂಘವೂ ಇದನ್ನೇ ಹೇಳಿತ್ತು: ಜ್ವರ ಮೂರು ದಿನಕ್ಕೆ ಬಿಡುತ್ತದೆ, ಕೆಮ್ಮು ಮೂರು ವಾರ ಇರಬಹುದು, ಸುಮ್ಮನೆ ಆ್ಯಂಟಿಬಯಾಟಿಕ್ ಕೊಡಬೇಡಿ. ಹಳದಿ, ಹಸಿರು ಕಫ ನೋಡಿ ಗಾಬರಿಯಾಗಬೇಕಿಲ್ಲ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕಿಣ್ವದಿಂದ ಆ ಬಣ್ಣ ಬರುತ್ತದೆ. ಬಣ್ಣವೊಂದರಿಂದಲೇ ಅದು ಬ್ಯಾಕ್ಟೀರಿಯಾ ಎಂದು ಹೇಳಲಾಗದು.

ಜ್ವರ ಶುರುವಾದ ದಿನವನ್ನು ಕ್ಯಾಲೆಂಡರ್ ಮೇಲೆ ಗುರುತು ಮಾಡಿ. ಮುಂದೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ ಅದು.

ಮನೆಮದ್ದಿಗೆ ಎಷ್ಟು ಬೆಲೆ?

ಬೆಲೆ ಇದೆ, ಅದರ ಮಿತಿಯೊಳಗೆ. ಎರಡು ಲೋಟ ನೀರಿಗೆ ಅರ್ಧ ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಹೆಬ್ಬೆರಳಿನ ತುದಿಯಷ್ಟು ಜಜ್ಜಿದ ಶುಂಠಿ. ಒಂದು ಲೋಟಕ್ಕೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ ಬೆಚ್ಚಗೆ ಕುಡಿದರೆ ಗಂಟಲು ಹಗುರಾಗುತ್ತದೆ, ಮೈಗೆ ನೀರೂ ಸೇರುತ್ತದೆ. ಇಲ್ಲಿನ ಭಾಜಿ ಮಾರ್ಕೆಟ್ಟಿನಲ್ಲಿ ಕಟ್ಟುಕಟ್ಟಾಗಿ ಸಿಗುವ ಗವತೀ ಚಹಾ, ಅಂದರೆ ನಮ್ಮ ಮಜ್ಜಿಗೆ ಹುಲ್ಲು, ಎರಡೆಸಳು ಹಾಕಿದರೆ ರುಚಿ ಹೆಚ್ಚುತ್ತದೆ. ದಿನಕ್ಕೆ ಎರಡು ಬಾರಿ ಸಾಕು. ಹತ್ತು ಬಾರಿ ಕುಡಿದು ಹೊಟ್ಟೆಯುರಿ ತಂದುಕೊಂಡರೆ ಇನ್ನೊಂದು ಕಾಯಿಲೆ. ಇದಕ್ಕೆ ಬೆಲ್ಲ ಹಾಕುವ ರೂಢಿ ಇದ್ದರೆ ಸಕ್ಕರೆ ಕಾಯಿಲೆಯವರು ಅದನ್ನು ಬಿಡಬೇಕು. ಬಿಪಿ ಇರುವವರು ಕಷಾಯಕ್ಕೆ ಜ್ಯೇಷ್ಠಮಧು ಹಾಕಬಾರದು, ಅದು ರಕ್ತದೊತ್ತಡ ಏರಿಸುತ್ತದೆ.

ಮನೆಮದ್ದುಗಳಲ್ಲಿ ಹೆಚ್ಚು ಆಧಾರವಿರುವುದು ಜೇನುತುಪ್ಪಕ್ಕೆ. ಮಲಗುವ ಮೊದಲು ಒಂದು ಚಮಚ ಕೊಟ್ಟರೆ ಮಕ್ಕಳ ರಾತ್ರಿಯ ಕೆಮ್ಮು ತಗ್ಗುತ್ತದೆ. ಆದರೆ ಒಂದು ವರ್ಷದೊಳಗಿನ ಕೂಸಿಗೆ ತುದಿ ಬೆರಳಿನಷ್ಟೂ ನೆಕ್ಕಿಸಬಾರದು. ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಆಡುಸೋಗೆಯ ಕಥೆ ತಿಳಿದಿರಬೇಕಾದದ್ದು. ಅದರ ಎಲೆಯಲ್ಲಿರುವ ವಾಸಿಸಿನ್ ಎಂಬ ಅಂಶವನ್ನು ಆಧರಿಸಿಯೇ 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ತಯಾರಾಯಿತು. ಇಂದು ಡಾಕ್ಟರ್ ಬರೆದುಕೊಡುವ ಆಂಬ್ರಾಕ್ಸಾಲ್ ಕೂಡ ಅದೇ ಕುಲದ್ದು. ಹಿತ್ತಲ ಗಿಡಕ್ಕೂ ಔಷಧದಂಗಡಿಗೂ ಇಂಥ ನೆಂಟಸ್ತಿಕೆ ಇರುವಾಗ ಮನೆಯಲ್ಲಿ ಜಗಳವೇಕೆ? ಮದ್ದೆಂದ ಮೇಲೆ ಅಡ್ಡಪರಿಣಾಮವೂ ಇರುತ್ತದೆ: ಬಸುರಿಯರು ಆಡುಸೋಗೆ ಸೇವಿಸಬಾರದು, ಅದು ಗರ್ಭಕೋಶವನ್ನು ಸಂಕುಚಿಸುತ್ತದೆ.

ಹಬೆ ತೆಗೆದುಕೊಂಡರೆ ಮೂಗು ಬಿಟ್ಟು ಹಾಯೆನಿಸುತ್ತದೆ, ಅಷ್ಟೇ. ಒಂದೇ ಕೋಣೆಯ ಮನೆಯಲ್ಲಿ ಕುದಿಯುವ ನೀರಿನ ಪಾತ್ರೆ ಉರುಳಿ ಮಕ್ಕಳು ಸುಟ್ಟುಕೊಳ್ಳುವ ಅಪಾಯವೇ ದೊಡ್ಡದು. ಮಕ್ಕಳಿಗೆ ಹಬೆ ಬೇಡ. ಕರ್ಪೂರವಿರುವ ವಿಕ್ಸ್ ಮುಲಾಮನ್ನು ಎರಡು ವರ್ಷದೊಳಗಿನವರಿಗೆ ಹಚ್ಚಬಾರದು. ಯಾರೂ ಮೂಗಿನೊಳಗೆ ಸವರಿಕೊಳ್ಳಬಾರದು.

ಮೆಡಿಕಲ್ ಶಾಪಿಗೆ ಹೋಗುವ ಮುನ್ನ

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಲಿವರ್ ತೊಂದರೆ, ಕುಡಿತದ ಅಭ್ಯಾಸ ಇರುವವರಿಗೆ ಮಿತಿ ಇನ್ನೂ ಕಡಿಮೆ. ಶೀತದ ಗುಳಿಗೆಗಳಲ್ಲೂ ಸಾಮಾನ್ಯವಾಗಿ ಅದೇ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದನ್ನೂ ಇದನ್ನೂ ಒಟ್ಟಿಗೆ ನುಂಗಿದರೆ ಡೋಸ್ ಇಮ್ಮಡಿಯಾಗುತ್ತದೆ. ಆ ಗುಳಿಗೆಯಲ್ಲಿರುವ ಫಿನೈಲೆಫ್ರಿನ್ ಬಿಪಿ ಏರಿಸಬಲ್ಲದು, ಕ್ಲೋರ್‌ಫೆನಿರಮಿನ್ ನಿದ್ದೆ ತರಿಸುತ್ತದೆ. ಯಂತ್ರದ ಮುಂದೆ ನಿಲ್ಲುವವರು, ಬೈಕ್ ಓಡಿಸುವವರು ಅದನ್ನು ನುಂಗಿ ಕೆಲಸಕ್ಕೆ ಹೋಗಬಾರದು.

ಮಕ್ಕಳ ಸಿರಪ್ ವಿಷಯದಲ್ಲಂತೂ ರಾಜಿ ಇಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಕಿಡ್ನಿ ವಿಫಲವಾಗಿ ಸತ್ತರು. ಆ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು, ಶೀತದ ಔಷಧ ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು.

ಸ್ಟ್ರಿಪ್ ಹಿಂಬದಿಯಲ್ಲಿ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ನುಂಗುವ ಔಷಧವಲ್ಲ.

ಕಾಯಬಾರದ ಗುರುತುಗಳು

ಕೂತಲ್ಲೇ ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಮಂಪರು, ತುಟಿ ನೀಲಿಯಾಗುವುದು, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಅಂಕಿ: ಇವುಗಳಲ್ಲಿ ಒಂದು ಕಂಡರೂ ಅದೇ ಹೊತ್ತಿಗೆ 108ಕ್ಕೆ ಕರೆ ಮಾಡಿ. ಮೂರು ದಿನ ದಾಟಿದ ಜ್ವರ, ಬಿಟ್ಟುಹೋಗಿ ಮತ್ತೆ ಬಂದ ಜ್ವರ ನ್ಯುಮೋನಿಯಾದ ಸೂಚನೆ ಇರಬಹುದು, ಅವತ್ತೇ ತೋರಿಸಿ. ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ, ಹೃದ್ರೋಗ, ದಮ್ಮು ಇರುವವರು ಮೊದಲೆರಡು ದಿನದಲ್ಲೇ ಹೋಗಬೇಕು. ಇನ್‌ಫ್ಲುಯೆಂಜಾ ಆಗಿದ್ದರೆ ಅದರ ಔಷಧ 48 ಗಂಟೆಯೊಳಗೆ ಶುರುವಾದಾಗ ಹೆಚ್ಚು ಫಲ ಕೊಡುತ್ತದೆ.

ಮಗುವಿನ ಅಂಗಿ ಎತ್ತಿ, ಅದು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಬೆಳಗಾಗಲೆಂದು ಕಾಯಬೇಡಿ.

ಎರಡು ವಾರ ದಾಟಿದ ಕೆಮ್ಮು ಶೀತದ್ದೇ ಆಗಿರಬಹುದು, ಆದರೂ ಕಫ ಪರೀಕ್ಷೆ ಆಗಲೇಬೇಕು, ಕ್ಷಯವಲ್ಲ ಎಂದು ಖಾತ್ರಿಯಾಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಅಂಬರನಾಥದವರಿಗೆ ಛಾಯಾ ಆಸ್ಪತ್ರೆ, ಉಲ್ಹಾಸನಗರದ ಸೆಂಟ್ರಲ್ ಹಾಸ್ಪಿಟಲ್, ಕಲ್ಯಾಣದಲ್ಲಿ ರುಕ್ಮಿಣೀಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ ಇವೆ. ಕ್ಷಯದ ಸಹಾಯವಾಣಿ 1800-11-6666.

ಹೋಗುವಾಗ ಮನೆಯಲ್ಲಿ ಕೊಟ್ಟ ಎಲ್ಲ ಮದ್ದನ್ನೂ, ಕಷಾಯದ ಪುಡಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ಊರಿನಿಂದ ಬಂದ ಹಿರಿಯರಿಗೆ ಮರಾಠಿ, ಹಿಂದಿ ಬಾರದಿದ್ದರೆ ಅವರನ್ನು ಒಬ್ಬರನ್ನೇ ಕಳಿಸಬೇಡಿ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿಯಾದರೂ ಜೊತೆಗೆ ಹೋಗಿ, ಅವರ ಮಾತನ್ನು ಡಾಕ್ಟರಿಗೆ ತಿಳಿಸಿ.